ಸೀಳುತುಟಿ ಆಪರೇಷನ್ ಮತ್ತು ಮಗುವಿನ ಮೇಲ್ದವಡೆ: ಯಾವ ದಾರಿ ಹಿಡಿದರೆ ಏನು ಬದಲಾಗುತ್ತದೆ?

ನನ್ನ ಮೇಜಿನ ಮೇಲೆ ಎರಡು ಪ್ಲಾಸ್ಟರ್ ಅಚ್ಚುಗಳಿವೆ. ಎರಡೂ ಒಂದೇ ಮಗುವಿನ ಮೇಲ್ದವಡೆಯವು. ಒಂದೇ ಅಂಗೈಯಲ್ಲಿ ಎರಡೂ ಕೂರುತ್ತವೆ, ಅಷ್ಟು ಪುಟ್ಟವು.

ಮೊದಲನೆಯದು ತುಟಿಯ ಆಪರೇಷನ್‌ಗೆ ಮುಂಚೆ ತೆಗೆದದ್ದು. ಆಗ ಮಗುವಿಗೆ ಮೂರೂವರೆ ತಿಂಗಳು. ವಸಡಿನ ಕಮಾನು ಲಾಳದ ಹಾಗೆ ಒಂದೇ ಸುತ್ತು ಇರಬೇಕಿತ್ತು. ಇಲ್ಲಿ ಎಡಗಡೆ ಕಡಿದು ಎರಡು ತುಂಡಾಗಿದೆ. ದೊಡ್ಡ ತುಂಡಿನ ಮುಂದಿನ ತುದಿ ಅರ್ಧ ತೆರೆದ ಕದದ ಹಾಗೆ ಹೊರಕ್ಕೆ ವಾಲಿದೆ. ನಡುವೆ ನನ್ನ ಕಿರುಬೆರಳಿನ ತುದಿ ಹಿಡಿಯುವಷ್ಟು ಜಾಗ. ಎರಡನೆಯದು ಅಂಗುಳದ ಆಪರೇಷನ್‌ಗೆ ಮುಂಚೆ, ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ತೆಗೆದದ್ದು. ಮುಂಭಾಗದ ಅದೇ ಜಾಗದಲ್ಲಿ ಈಗ ಬೆಂಕಿಕಡ್ಡಿ ತೂರಿಸುವುದೂ ಕಷ್ಟ. ತೆರೆದಿದ್ದ ಕದ ಮುಚ್ಚಿಕೊಂಡಿದೆ.

ಈ ಮಧ್ಯೆ ದವಡೆಯನ್ನು ಯಾರೂ ಮುಟ್ಟಿಲ್ಲ. ಪ್ಲೇಟ್ ಹಾಕಿಲ್ಲ, ಟೇಪ್ ಅಂಟಿಸಿಲ್ಲ. ಹೊಲಿದದ್ದು ತುಟಿಯನ್ನು ಮಾತ್ರ.

ಸೀಳುತುಟಿ ಮಕ್ಕಳನ್ನು ನೋಡುವ ತಂಡದಲ್ಲಿ ಹಲ್ಲು ಮತ್ತು ದವಡೆ ನೋಡಿಕೊಳ್ಳುವುದು ನನ್ನ ಕೆಲಸ. ಮಗು ಹುಟ್ಟಿದ ಮೊದಲ ವಾರವೇ ಅಪ್ಪ ಅಮ್ಮ ನನ್ನ ಮುಂದೆ ಕೂತಿರುತ್ತಾರೆ. ಸರಿಯಾಗಿ ನಿದ್ದೆಯಿಲ್ಲ, ಮಗು ಹಾಲು ಕುಡಿಯುತ್ತಿಲ್ಲ ಅನ್ನುವ ಚಿಂತೆ ಬೇರೆ. ಅಂಥ ಹೊತ್ತಲ್ಲಿ ನಾವು ಅವರ ಮುಂದೆ ಹತ್ತಾರು ಆಯ್ಕೆ ಇಡುತ್ತೇವೆ. ಪ್ಲೇಟ್ ಬೇಕಾ, ಬೇಡವಾ? ಬೇಗ ಹೊಲಿಸಬೇಕಾ, ಕಾಯಬೇಕಾ? ಅಂಗುಳವನ್ನೂ ಜೊತೆಗೇ ಮುಚ್ಚಿಸಬೇಕಾ? ಆಗ ಎರಡೂ ಅಚ್ಚುಗಳನ್ನು ಅವರ ಕೈಗೆ ಕೊಡುತ್ತೇನೆ. ಮೊದಲ ವರ್ಷದಲ್ಲಿ ದವಡೆಯ ಮುಂಭಾಗವನ್ನು ಎಲ್ಲಕ್ಕಿಂತ ಜಾಸ್ತಿ ತಿದ್ದುವುದು ತುಟಿಯೇ. ಉಳಿದ ಆಯ್ಕೆಗಳನ್ನೆಲ್ಲ ಇದರ ಪಕ್ಕದಲ್ಲಿಟ್ಟು ತೂಗಬೇಕು.

ತುಟಿ ಹೊಲಿದರೆ ದವಡೆ ಯಾಕೆ ಸರಿಯುತ್ತದೆ?

ಬಾಯಿಯ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇದೆ. ನಾಲಿಗೆ ಒಳಗಿನಿಂದ ತಳ್ಳುತ್ತದೆ, ಈ ಬಳೆ ಹೊರಗಿನಿಂದ ಒತ್ತುತ್ತದೆ. ಎರಡರ ನಡುವೆ ವಸಡಿನ ಕಮಾನು ತನ್ನ ಆಕಾರದಲ್ಲಿ ನಿಲ್ಲುತ್ತದೆ. ಪೂರ್ತಿ ಸೀಳಿದ ತುಟಿಯಲ್ಲಿ ಆ ಬಳೆ ತುಂಡಾಗಿರುತ್ತದೆ. ತುಂಡಾದ ತುದಿಗಳು ಮೂಗಿನ ಬುಡಕ್ಕೆ ಅಂಟಿಕೊಂಡು ಎರಡೂ ಬದಿಗೆ ಎಳೆಯುತ್ತವೆ. ನಾಲಿಗೆ ಸೀಳಿನೊಳಗೇ ನುಗ್ಗಿ ಕೂರುತ್ತದೆ. ದೊಡ್ಡ ತುಂಡು ಹೊರಗೆ ವಾಲುವುದು ಹೀಗೆ.

ಆಪರೇಷನ್‌ನಲ್ಲಿ ಆ ಸ್ನಾಯುವನ್ನು ಮೂಗಿನ ಬುಡದಿಂದ ಬಿಡಿಸಿ, ಎರಡೂ ತುದಿಯನ್ನು ಸೇರಿಸಿ ಹೊಲಿಯುತ್ತಾರೆ. ಅಲ್ಲಿಗೆ ಬಳೆ ಪೂರ್ತಿಯಾಯಿತು. ಆಮೇಲೆ ಮಗು ಚೀಪಿದಾಗ, ಅತ್ತಾಗ, ನಕ್ಕಾಗ, ಪ್ರತಿ ಸಲವೂ ತುಟಿ ದವಡೆಯನ್ನು ಮೆತ್ತಗೆ ಒತ್ತುತ್ತಿರುತ್ತದೆ. ಎಳೆ ಮೂಳೆ ಹಸಿ ಮಣ್ಣಿದ್ದ ಹಾಗೆ. ಕೆಲವೇ ವಾರಗಳಲ್ಲಿ ಸೀಳಿನ ಅಂತರ ಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ.

ಒಂದು ವಿಷಯ ಇಲ್ಲಿ ಮುಖ್ಯ. ಬದಲಾವಣೆ ಜಾಸ್ತಿ ಆಗುವುದು ಮುಂಭಾಗದಲ್ಲಿ. ಕೋರೆಹಲ್ಲು ಬರುವ ಜಾಗದ ಅಗಲ ಕಡಿಮೆಯಾಗುತ್ತದೆ. ಹಿಂಭಾಗ, ಅಂದರೆ ಮುಂದೆ ದವಡೆಹಲ್ಲು ಬರುವ ಜಾಗ, ಅಷ್ಟಾಗಿ ಕುಗ್ಗುವುದಿಲ್ಲ. ಮಗು ಬೆಳೆದ ಹಾಗೆ ಅದೂ ಬೆಳೆಯುತ್ತಾ ಹೋಗುತ್ತದೆ. "ತುಟಿ ಹೊಲಿಸಿದರೆ ಇಡೀ ದವಡೆ ಚಿಕ್ಕದಾಗುತ್ತದಂತೆ" ಎಂದು ಯಾರೋ ಹೇಳಿದ್ದು ಕೇಳಿ ಹೆದರಿಕೊಂಡು ಬರುವವರಿದ್ದಾರೆ. ಹಾಗಲ್ಲ.

ಮುಂಭಾಗ ಹೀಗೆ ಕೂಡಿಬರುವುದು ಬಹುಪಾಲು ಒಳ್ಳೆಯದೇ. ಅಂತರ ಕಡಿಮೆಯಾದಷ್ಟೂ ಮುಂದೆ ಅಂಗುಳ ಮುಚ್ಚುವುದು ಸುಲಭ. ಕೆಲವು ಮಕ್ಕಳಲ್ಲಿ ಮಾತ್ರ ಚಿಕ್ಕ ತುಂಡು ಹದ ಮೀರಿ ಒಳಗೆ ಸರಿದು ದೊಡ್ಡ ತುಂಡಿನ ಹಿಂದೆ ಸೇರಿಕೊಳ್ಳುತ್ತದೆ. ಹಾಲುಹಲ್ಲು ಬಂದಾಗ ಆ ಬದಿಯ ಮೇಲಿನ ಹಲ್ಲುಗಳು ಕೆಳಗಿನ ಹಲ್ಲುಗಳ ಒಳಗೆ ಕೂರುತ್ತವೆ. ಇದನ್ನು ಅಡ್ಡಕಡಿತ ಅನ್ನುತ್ತೇವೆ. ನೋಡಿ ಗಾಬರಿಯಾಗಬೇಡಿ. ಮುಂದೆ ದವಡೆ ಅಗಲಿಸುವ ಸಾಧನ ಹಾಕಿ ಸರಿಮಾಡಬಹುದು. ನಾವು ದಿನವೂ ಮಾಡುವ ಕೆಲಸ ಅದು.

ಬರೀ ತುಟಿ ಸೀಳಿದ್ದು ವಸಡು ಕೂಡಿಕೊಂಡೇ ಇದ್ದರೆ ಈ ತಲೆನೋವು ಬಹಳ ಕಡಿಮೆ. ಅಂಥ ಮಕ್ಕಳಿಗೆ ಪ್ಲೇಟ್ ಬೇಕಾ ಎಂಬ ಪ್ರಶ್ನೆಯೇ ಸಾಮಾನ್ಯವಾಗಿ ಏಳುವುದಿಲ್ಲ. ಮುಂದೆ ಬರೆದಿರುವುದು ತುಟಿ, ವಸಡು, ಅಂಗುಳ ಮೂರೂ ಸೀಳಿದ ಮಕ್ಕಳಿಗೆ.

ಆಪರೇಷನ್‌ಗೆ ಮುಂಚೆ: ಸುಮ್ನೆ ಕಾಯುವುದಾ, ಟೇಪಾ, ಪ್ಲೇಟಾ?

ಏನೂ ಮಾಡದೆ ಕಾಯುವುದು ಕೂಡ ಒಂದು ಆಯ್ಕೆಯೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಏನೂ ಮಾಡದಿದ್ದರೆ ಮಗುವಿಗೆ ಅನ್ಯಾಯ ಮಾಡಿದ ಹಾಗೆ ಎಂದು ಅಮ್ಮಂದಿರು ಕೊರಗುತ್ತಾರೆ. ಅನ್ಯಾಯ ಅಲ್ಲ. ನಾನು ತೋರಿಸಿದ ಅಚ್ಚು ಅಂಥ ಮಗುವಿನದೇ.

ಟೇಪ್ ಎಲ್ಲಕ್ಕಿಂತ ಸರಳ. ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ, ಮೇಲ್ತುಟಿಯ ಮೇಲೆ ಹಾದು ಅಂಟಿಸುವುದು. ಹೊಲಿದ ತುಟಿ ಮಾಡುವ ಕೆಲಸವನ್ನೇ ಇದು ಸ್ವಲ್ಪ ಮಟ್ಟಿಗೆ ಮುಂಚಿತವಾಗಿ ಶುರುಮಾಡುತ್ತದೆ. ತುಟಿಯ ಎರಡು ಭಾಗ ಹತ್ತಿರ ಬಂದರೆ ಸರ್ಜನ್‌ಗೆ ಬಿಗಿ ಇಲ್ಲದೆ ಹೊಲಿಯಲು ಅನುಕೂಲ. ಕೆನ್ನೆಯ ಚರ್ಮ ಕೆಂಪಾಗುವುದೇ ದೊಡ್ಡ ಕಿರಿಕಿರಿ. ಕೆಳಗೆ ಚರ್ಮ ಕಾಯುವ ಪಟ್ಟಿ ಅಂಟಿಸಿ ಅದರ ಮೇಲೆ ಟೇಪ್ ಹಾಕಿದರೆ ಮಗು ತಡೆದುಕೊಳ್ಳುತ್ತದೆ.

ಇನ್ನು ಸಾದಾ ಪ್ಲೇಟ್. ಅಂಗುಳಕ್ಕೆ ಕೂರುವ ಹಾಗೆ ಮಾಡಿದ ತೆಳು ಅಕ್ರಿಲಿಕ್ ತಟ್ಟೆ. ನಾಲಿಗೆ ಸೀಳಿನೊಳಗೆ ನುಗ್ಗದಂತೆ ತಡೆಯುತ್ತದೆ. ಆಗಾಗ ಒಳಬದಿಯನ್ನು ಉಜ್ಜಿ, ತುಂಡುಗಳು ಸರಿಯಾದ ದಿಕ್ಕಿಗೆ ಬೆಳೆಯಲು ಜಾಗ ಮಾಡಿಕೊಡುತ್ತೇವೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ಹರಡಿದ ಹಾಟ್ಜ್ ಪ್ಲೇಟ್ ಈ ಜಾತಿಯದು.

ಈ ಪ್ಲೇಟ್ ದವಡೆಯ ಆಕಾರ ತಿದ್ದುತ್ತದೆ ಎಂದು ದಶಕಗಟ್ಟಲೆ ನಂಬಿದ್ದೆವು. ನೆದರ್ಲೆಂಡ್ಸ್‌ನ ಮೂರು ಕೇಂದ್ರಗಳು 1990ರ ದಶಕದಲ್ಲಿ ಅದನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದವು. ಡಚ್‌ಕ್ಲೆಫ್ಟ್ ಅನ್ನುವ ಅಧ್ಯಯನ. ಒಂದೇ ಬದಿ ಪೂರ್ತಿ ಸೀಳಿದ 54 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಅರ್ಧ ಮಕ್ಕಳಿಗೆ ಹುಟ್ಟಿದ ಎರಡು ವಾರದೊಳಗೆ ಪ್ಲೇಟ್, ಉಳಿದವರಿಗೆ ಇಲ್ಲ. ತುಟಿ ಹೊಲಿಯುವ ಮುಂಚೆ ಪ್ಲೇಟ್ ಹಾಕಿದ ಮಕ್ಕಳ ಸೀಳು ಕಡಿಮೆ ಇತ್ತು, ನಿಜ. ಆದರೆ ತುಟಿ ಹೊಲಿದ ಮೇಲೆ ಆ ವ್ಯತ್ಯಾಸ ಉಳಿಯಲಿಲ್ಲ. ಪ್ಲೇಟ್ ಇಲ್ಲದ ಮಕ್ಕಳ ದವಡೆಯನ್ನು ತುಟಿಯೇ ತಿದ್ದಿ ಅಲ್ಲಿಗೇ ತಂದು ನಿಲ್ಲಿಸಿತ್ತು. ಹಾಲು ಕುಡಿಯುವುದರಲ್ಲೂ ಪ್ಲೇಟ್‌ನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಾಲಿಗೆ ಬೇಕಾದ್ದು ಒತ್ತಿದರೆ ಹಾಲು ಬರುವ ಮೆತ್ತನೆ ಬಾಟಲಿ, ತಲೆ ಎತ್ತರಿಸಿ ಕೂರಿಸುವ ಅಭ್ಯಾಸ, ಮತ್ತು ಕೈಹಿಡಿದು ಕಲಿಸುವ ಒಬ್ಬ ನರ್ಸ್.

ಹಾಗಾಗಿ ನನ್ನ ಮಾತು ಇಷ್ಟೆ: ದವಡೆಯ ಆಕಾರಕ್ಕೆಂದು ಮಾತ್ರ ಸಾದಾ ಪ್ಲೇಟ್ ಹಾಕಿಸಬೇಡಿ.

ಮೂಗಿಗೂ ದವಡೆಗೂ ಸೇರಿದ ಪ್ಲೇಟ್‌ನ ಕಥೆ ಬೇರೆ. ಇದನ್ನು ನ್ಯಾಮ್ ಅನ್ನುತ್ತಾರೆ. ನ್ಯೂಯಾರ್ಕ್‌ನಲ್ಲಿ ಬ್ಯಾರಿ ಗ್ರೇಸನ್ ಮತ್ತು ಅವರ ಜೊತೆಗಾರರು 1993ರ ಸುಮಾರಿಗೆ ಇದಕ್ಕೆ ರೂಪ ಕೊಟ್ಟರು. ಪ್ಲೇಟ್ ಜೊತೆ ಟೇಪ್ ಇರುತ್ತದೆ. ಸೀಳು ಸುಮಾರು 5 ಮಿಲಿಮೀಟರ್‌ಗೆ ಬಂದ ಮೇಲೆ ಮೂಗಿನ ಹೊಳ್ಳೆಯನ್ನು ಒಳಗಿನಿಂದ ಎತ್ತಿ ಹಿಡಿಯುವ ಪುಟ್ಟ ಕೊಕ್ಕೆಯೊಂದನ್ನು ಪ್ಲೇಟ್‌ಗೆ ಸೇರಿಸುತ್ತೇವೆ. ಹುಟ್ಟಿದ ಮೊದಲ ವಾರಗಳಲ್ಲಿ ಅಮ್ಮನಿಂದ ಬಂದ ಹಾರ್ಮೋನ್ ಮಗುವಿನ ಮೈಯಲ್ಲಿ ಇನ್ನೂ ಇರುತ್ತದೆ. ಅದರಿಂದ ಮೂಗಿನ ಮೃದ್ವಸ್ಥಿ ಬಗ್ಗಿಸಿದ ಹಾಗೆ ಬಗ್ಗುತ್ತದೆ. ಹಾಗಾಗಿ ಇದನ್ನು ಬೇಗ ಶುರುಮಾಡಬೇಕು, ಮೊದಲ ಒಂದೆರಡು ವಾರದಲ್ಲಿ ಆದರೆ ಒಳ್ಳೆಯದು.

ನ್ಯಾಮ್‌ನಲ್ಲೂ ದವಡೆಯ ಸೀಳು ಚೆನ್ನಾಗಿಯೇ ಕಿರಿದಾಗುತ್ತದೆ. ಆದರೆ ನಾನು ಇದನ್ನು ಸೂಚಿಸುವುದು ಮೂಗಿಗಾಗಿ. ಚಪ್ಪಟೆಯಾಗಿ ಕುಸಿದ ಹೊಳ್ಳೆ ಮೇಲೆದ್ದು, ಸರ್ಜನ್ ಕೈಗೆ ಸುಲಭದ ಕೆಲಸ ಸಿಗುತ್ತದೆ. ಆಪರೇಷನ್ ಆದ ಮೇಲೆ ಮೂಗು ಸ್ವಲ್ಪ ಹಿಂದಕ್ಕೆ ಇಳಿಯುತ್ತದೆ ಎಂಬುದನ್ನೂ ಹೇಳಲೇಬೇಕು. ನ್ಯಾಮ್ ಹಾಕಿದ ಮಕ್ಕಳ ದವಡೆ ದೊಡ್ಡವರಾದಾಗ ಬೇರೆಯವರಿಗಿಂತ ಚೆನ್ನಾಗಿ ಬೆಳೆದಿರುತ್ತದೆ ಎಂಬ ಭರವಸೆ ಯಾರಾದರೂ ಕೊಟ್ಟರೆ ನಾನಂತೂ ಒಪ್ಪುವುದಿಲ್ಲ.

ಮನೆಯ ಮೇಲೆ ಬೀಳುವ ಭಾರವನ್ನೂ ಲೆಕ್ಕ ಹಾಕಿ. ಹಗಲು ರಾತ್ರಿ ಪ್ಲೇಟ್ ಬಾಯಲ್ಲೇ ಇರಬೇಕು, ತೊಳೆಯಲು ಮಾತ್ರ ತೆಗೆಯುವುದು. ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ವಾರಕ್ಕೊಮ್ಮೆ ಬರಬೇಕು. ಪ್ರತಿ ಸಲ ಒಂದು ಮಿಲಿಮೀಟರ್‌ನಷ್ಟು ಉಜ್ಜುತ್ತೇವೆ ಅಥವಾ ಸೇರಿಸುತ್ತೇವೆ. ಹೀಗೆ ಮೂರು ನಾಲ್ಕು ತಿಂಗಳು. ಮನೆ ದೂರ, ಮೊದಲ ಮಗು ಚಿಕ್ಕದು, ರಜೆ ಸಿಗುವುದಿಲ್ಲ ಅನ್ನುವವರಿಗೆ ಇದು ಹಗುರದ ಮಾತಲ್ಲ. ಅರ್ಧಕ್ಕೆ ಬಿಡುವುದಕ್ಕಿಂತ ಟೇಪ್ ಸಾಕು ಎಂದು ಮೊದಲೇ ತೀರ್ಮಾನಿಸುವುದು ಮೇಲು. ಹಾಗೆ ಹೇಳಿ ಟೇಪ್ ಆರಿಸಿಕೊಂಡ ತಂದೆತಾಯಿಯನ್ನು ನಾನು ಮನಸಾರೆ ಬೆಂಬಲಿಸಿದ್ದೇನೆ.

ಅಂಗುಳದ ಮೂಳೆಗೆ ಪಿನ್ ಕೂರಿಸಿ, ದಿನವೂ ಸ್ಕ್ರೂ ತಿರುಗಿಸಿ ತುಂಡುಗಳನ್ನು ಎಳೆದು ತರುವ ಲೇಥಮ್ ಸಾಧನವೂ ಒಂದಿದೆ. ಕೆಲವೇ ವಾರಗಳಲ್ಲಿ ಸೀಳು ಕೂಡಿಬರುತ್ತದೆ. ಆದರೆ ಅದನ್ನು ಕೂರಿಸಲು ಅರಿವಳಿಕೆ ಬೇಕು. ಮುಂದೆ ಅಡ್ಡಕಡಿತ ಜಾಸ್ತಿ ಕಂಡಿದೆ ಎಂಬ ವರದಿಗಳೂ ಇವೆ. ಒಂದೇ ಬದಿ ಸೀಳಿದ ಮಗುವಿಗೆ ಇದನ್ನು ನಾನು ಸೂಚಿಸುವುದಿಲ್ಲ.

ಕೊನೆಯದು ತುಟಿಗೆ ಮೊದಲು ತಾತ್ಕಾಲಿಕ ಹೊಲಿಗೆ ಹಾಕುವುದು. ತುಂಬಾ ಅಗಲದ ಸೀಳಿದ್ದು, ಪ್ಲೇಟ್ ಮಾಡುವವರು ಹತ್ತಿರದಲ್ಲಿ ಇಲ್ಲದಿದ್ದರೆ ಇದು ಉಪಯೋಗಕ್ಕೆ ಬರುತ್ತದೆ. ಸರಳವಾಗಿ ಹೊಲಿದುಬಿಟ್ಟರೆ ತುಟಿಯೇ ದವಡೆಯನ್ನು ಒತ್ತಿ ತರುತ್ತದೆ. ಕೆಲವು ತಿಂಗಳ ಬಳಿಕ ಸರಿಯಾದ ಆಪರೇಷನ್. ಬೆಲೆ ಏನೆಂದರೆ, ಒಂದು ಅರಿವಳಿಕೆ ಜಾಸ್ತಿ, ತುಟಿಯಲ್ಲಿ ಗಾಯದ ಗುರುತು ಜಾಸ್ತಿ.

ಒಂದು ಮಾತು ಬದಿಗೆ. ಅಚ್ಚು ತೆಗೆಯುವಾಗ ಎಳೆ ಮಗುವಿನ ಬಾಯಿಗೆ ಮೆತ್ತನೆ ಮಿಶ್ರಣ ಒತ್ತುತ್ತೇವೆ. ಅದರ ಚೂರು ಉಸಿರಿನ ದಾರಿಗೆ ಹೋಗುವ ಅಪಾಯ ಇದೆ. ಆದ್ದರಿಂದ ಮಗುವಿನ ಉಸಿರು ನಿಭಾಯಿಸಬಲ್ಲವರು ಪಕ್ಕದಲ್ಲಿರುವ ಜಾಗದಲ್ಲೇ ಇದನ್ನು ಮಾಡಿಸಿ. ಬಾಯೊಳಗೆ ಹಿಡಿಯುವ ಸ್ಕ್ಯಾನರ್ ಇರುವ ಕಡೆ ಈ ಭಯ ಇಲ್ಲ.

ತುಟಿ ಯಾವಾಗ ಹೊಲಿಸಬೇಕು?

ಬಹುತೇಕ ತಂಡಗಳು 3ರಿಂದ 6 ತಿಂಗಳ ನಡುವೆ ಹೊಲಿಯುತ್ತವೆ. 1960ರ ದಶಕದಿಂದ ಬಂದ ಒಂದು ಹಳೆಯ ಲೆಕ್ಕ ಇದೆ: 10 ವಾರ ವಯಸ್ಸು, 10 ಪೌಂಡ್ ತೂಕ ಅಂದರೆ ನಾಲ್ಕೂವರೆ ಕಿಲೋ, ಹಿಮೋಗ್ಲೋಬಿನ್ 10. ಇದು ಅರಿವಳಿಕೆಯ ಸುರಕ್ಷತೆಗೆ ಹಾಕಿಕೊಂಡ ಗೆರೆ. ದವಡೆಗಾಗಿ ಹಾಕಿದ್ದಲ್ಲ.

ಬೇಗ ಹೊಲಿದರೆ ತುಟಿಯ ಒತ್ತಡ ಬೇಗ ಶುರುವಾಗುತ್ತದೆ, ದವಡೆ ಬೇಗ ಕೂಡಿಬರುತ್ತದೆ. ತಡವಾಗಿ ಹೊಲಿದರೂ ಕೂಡಿಬರುತ್ತದೆ, ಸ್ವಲ್ಪ ತಡವಾಗಿ. ಮೂರನೇ ತಿಂಗಳಾ, ಐದನೇ ತಿಂಗಳಾ ಎಂದು ದವಡೆಯ ಹೆಸರಿನಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮಗುವಿನ ತೂಕ, ಉಸಿರು, ಹೃದಯ ನೋಡಿ ನಿರ್ಧರಿಸಿ. ಹುಟ್ಟಿದ ಕೆಲವೇ ದಿನಗಳಲ್ಲಿ ಹೊಲಿಯುವವರೂ ಇದ್ದಾರೆ. ಅಷ್ಟು ಎಳೆ ಮಗುವಿಗೆ ಅರಿವಳಿಕೆ ಕೊಡುವಷ್ಟು ದೊಡ್ಡ ಲಾಭ ನನಗೆ ಕಾಣುವುದಿಲ್ಲ.

ಯಾವ ವಿಧಾನದ ಹೊಲಿಗೆ, ಮಿಲಾರ್ಡ್ ಅವರದಾ, ಫಿಶರ್ ಅವರದಾ ಎಂದು ಕೇಳುವವರಿದ್ದಾರೆ. ಅವು ಹೆಚ್ಚಾಗಿ ಗಾಯದ ಗುರುತು ಎಲ್ಲಿ ಬೀಳಬೇಕು, ತುಟಿಯ ಎತ್ತರ ಹೇಗೆ ಹೊಂದಬೇಕು ಎಂಬ ಲೆಕ್ಕಾಚಾರಗಳು. ದವಡೆಯ ದೃಷ್ಟಿಯಿಂದ ನೋಡಬೇಕಾದ್ದು ಸ್ನಾಯು ಸರಿಯಾಗಿ ಕೂಡಿತೇ, ತುಟಿ ಬಿಗಿಯಿಲ್ಲದೆ ಕೂತಿತೇ ಅನ್ನುವುದು. ಬಿಗಿಯಾದ ತುಟಿ ವರ್ಷಗಟ್ಟಲೆ ಮುಂದಿನ ಹಲ್ಲುಗಳನ್ನು ಒಳಕ್ಕೆ ಒತ್ತುತ್ತಲೇ ಇರುತ್ತದೆ.

ನಿಜವಾಗಿ ತೂಗಬೇಕಾದ್ದು ಅಂಗುಳ

ದವಡೆ ಮುಂದೆ ಬೆಳೆಯುವುದಿಲ್ಲ, ಮುಖದ ಮಧ್ಯ ಒಳಗೆ ಹೋದ ಹಾಗೆ ಕಾಣುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಅದಕ್ಕೆ ತುಟಿಯ ಆಪರೇಷನ್ ಎಷ್ಟು ಕಾರಣ, ಅಂಗುಳದ್ದು ಎಷ್ಟು? ಇದಕ್ಕೆ ಒಳ್ಳೆಯ ಸುಳಿವು ಸಿಕ್ಕಿದ್ದು ಶ್ರೀಲಂಕಾದಲ್ಲಿ. ಮೈಕೆಲ್ ಮಾರ್ಸ್ ಮತ್ತು ಹೂಸ್ಟನ್ ಎಂಬ ಇಬ್ಬರು ತಜ್ಞರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ದಾಟಿದ ಹುಡುಗರು ಮತ್ತು ಗಂಡಸರಿದ್ದರು. ಕೆಲವರಿಗೆ ಯಾವ ಆಪರೇಷನ್ನೂ ಆಗಿರಲಿಲ್ಲ. ಕೆಲವರಿಗೆ ಚಿಕ್ಕಂದಿನಲ್ಲಿ ತುಟಿ ಮಾತ್ರ ಹೊಲಿದಿದ್ದರು. ಕೆಲವರಿಗೆ ತುಟಿ, ಅಂಗುಳ ಎರಡೂ. ಏನೂ ಮಾಡಿಸದವರ ಮೇಲ್ದವಡೆ ಚೆನ್ನಾಗಿಯೇ ಮುಂದೆ ಬೆಳೆದಿತ್ತು. ತುಟಿ ಮಾತ್ರ ಹೊಲಿಸಿಕೊಂಡವರಲ್ಲೂ ಬೆಳವಣಿಗೆ ಹೆಚ್ಚುಕಡಿಮೆ ಹಾಗೇ ಇತ್ತು. ದವಡೆ ಹಿಂದೆ ಉಳಿದವರು ಬಹಳಷ್ಟು ಮಂದಿ ಎರಡೂ ಮಾಡಿಸಿಕೊಂಡವರಲ್ಲಿ ಸಿಕ್ಕರು.

ಅಂದರೆ ತುಟಿಯ ಆಪರೇಷನ್ ದವಡೆಯನ್ನು ತಿದ್ದುತ್ತದೆ. ಬೆಳವಣಿಗೆಯನ್ನು ಜಾಸ್ತಿ ತಡೆಯುವುದು ಅಂಗುಳದಲ್ಲಿ ಉಳಿಯುವ ಗಾಯದ ಗಟ್ಟಿ ಚರ್ಮ. ಅದು ಹಿಗ್ಗುವುದಿಲ್ಲ.

ಹಾಗಾದರೆ ಅಂಗುಳ ತಡವಾಗಿ ಮುಚ್ಚಿಸಿದರಾಯಿತಲ್ವಾ? ಅದನ್ನೂ ಮಾಡಿ ನೋಡಿದ್ದಾರೆ. ಜರ್ಮನಿಯ ಮಾರ್ಬುರ್ಗ್‌ನಲ್ಲಿ ಶ್ವೆಕೆಂಡಿಕ್ ಎಂಬ ಸರ್ಜನ್ 1940ರ ದಶಕದಲ್ಲಿ ಹಿಂದಿನ ಮೆತ್ತನೆ ಅಂಗುಳ ಮಾತ್ರ ಹೊಲಿದು, ಮುಂದಿನ ಗಟ್ಟಿ ಅಂಗುಳವನ್ನು ವರ್ಷಗಟ್ಟಲೆ ತೆರೆದಿಡುವ ಪದ್ಧತಿ ಶುರುಮಾಡಿದರು. ಆ ಮಕ್ಕಳು ದೊಡ್ಡವರಾದ ಮೇಲಿನ ಫಲಿತಾಂಶ 1984ರಲ್ಲಿ ಬಂತು. ದವಡೆ ಚೆನ್ನಾಗಿ ಬೆಳೆದಿತ್ತು. ಮಾತು ಮಾತ್ರ ಕೆಟ್ಟಿತ್ತು.

ಹಿಂದುಳಿದ ದವಡೆಯನ್ನು ಹದಿಹರೆಯ ಮುಗಿದ ಮೇಲೆ ಆಪರೇಷನ್ ಮಾಡಿ ಮುಂದೆ ತರಬಹುದು. ತಪ್ಪು ರೂಢಿಯಾದ ಮಾತನ್ನು ಹದಿನೆಂಟರಲ್ಲಿ ತಿದ್ದುವುದು ಬಹಳ ಕಷ್ಟ. ಅದಕ್ಕೇ ಈ ತಕ್ಕಡಿಯಲ್ಲಿ ನಾನು ಮಾತಿನ ಕಡೆ. ನಾನು ದವಡೆ ನೋಡುವವರಲ್ಲಿ ಒಬ್ಬ, ಆದರೂ ಹೇಳುತ್ತೇನೆ: ದವಡೆಗಾಗಿ ಅಂಗುಳವನ್ನು ಎರಡು ಮೂರು ವರ್ಷ ತೆರೆದಿಡಬೇಡಿ. ಒಂದು ವರ್ಷದ ಆಸುಪಾಸಿನಲ್ಲಿ ಮೆತ್ತನೆ ಅಂಗುಳ ಮುಚ್ಚಲಿ. ಬರೀ ಅಂಗುಳ ಸೀಳಿದ ಮಕ್ಕಳ ಮೇಲೆ ನಡೆದ ಟಾಪ್ಸ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 6 ತಿಂಗಳಿಗೆ ಆಪರೇಷನ್ ಆದವರಲ್ಲಿ ಐದು ವರ್ಷದ ಹೊತ್ತಿಗೆ ಅಂಗುಳ ಸರಿಯಾಗಿ ಮುಚ್ಚದೆ ಮಾತಿಗೆ ತೊಂದರೆಯಾದವರು 8.9 ಶೇಕಡ. 12 ತಿಂಗಳಿಗೆ ಆದವರಲ್ಲಿ 15 ಶೇಕಡ. ತುಟಿಯೂ ಸೀಳಿದ ಮಕ್ಕಳಿಗೆ ಈ ಅಂಕಿಯನ್ನು ನೇರವಾಗಿ ಹಚ್ಚುವಂತಿಲ್ಲ. ಆದರೂ ತಡಮಾಡಿದರೆ ಮಾತಿಗೆ ನಷ್ಟ ಅನ್ನುವುದನ್ನು ತೋರಿಸುತ್ತದೆ.

ನಡುವಿನ ದಾರಿಯೊಂದಿದೆ. ನಾರ್ವೆಯ ಆಸ್ಲೋ ತಂಡ ತುಟಿ ಹೊಲಿಯುವಾಗಲೇ, ಮೂಗಿನ ನಡುಗೋಡೆಯಿಂದ ಒಂದು ತೆಳು ಪದರ ತಿರುಗಿಸಿ ಗಟ್ಟಿ ಅಂಗುಳದ ಮುಂಭಾಗ ಮುಚ್ಚುತ್ತಾ ಬಂದಿದೆ. ಮೆತ್ತನೆ ಅಂಗುಳ ಆಮೇಲೆ. ಅಂಗುಳದ ಬದಿಗಳನ್ನು ಜಾಸ್ತಿ ಕೆರೆಯದೆ ಮುಗಿಯುವುದು ಇದರ ಒಳ್ಳೆಯ ಗುಣ.

ವಸಡಿನ ಸೀಳು: ಈಗಲೇ, ಅಥವಾ ಎಂಟು ವರ್ಷ ಕಾದು?

ತುಟಿ ಹೊಲಿಯುವಾಗಲೇ ವಸಡಿನ ಪೊರೆಯನ್ನೂ ಹೊಲಿದುಬಿಟ್ಟರೆ ಕೆಲವು ಮಕ್ಕಳಲ್ಲಿ ಅಲ್ಲಿ ಮೂಳೆ ತಾನಾಗಿಯೇ ಬೆಳೆಯುತ್ತದೆ. ಆದರೆ ಅದಕ್ಕೆ ಎರಡೂ ತುಂಡು ತಾಗುವಷ್ಟು ಹತ್ತಿರ ಇರಬೇಕು, ಅಂದರೆ ಮುಂಚೆ ನ್ಯಾಮ್ ಆಗಿರಬೇಕು. ದವಡೆಯ ಬೆಳವಣಿಗೆಗೆ ಇದರಿಂದ ಅಡ್ಡಿ ಎಂಬ ವಾದ ಇನ್ನೂ ಮುಗಿದಿಲ್ಲ. ಎಳೆ ಮಗುವಿಗೇ ಮೂಳೆ ತುಂಬುವ ಪದ್ಧತಿಯನ್ನಂತೂ ಬೆಳವಣಿಗೆ ಕುಂಠಿತವಾದದ್ದು ನೋಡಿ ಹೆಚ್ಚಿನ ತಂಡಗಳು ಬಿಟ್ಟುಬಿಟ್ಟವು. ಬಾಯ್ನ್ ಮತ್ತು ಸ್ಯಾಂಡ್ಸ್ 1972ರಲ್ಲಿ ತೋರಿಸಿದ ದಾರಿ ಈಗ ಹೆಚ್ಚು ಬಳಕೆಯಲ್ಲಿದೆ: ಕೋರೆಹಲ್ಲು ಇಳಿಯುವ ಮುಂಚೆ, 8ರಿಂದ 11 ವರ್ಷದೊಳಗೆ, ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ವಸಡಿನ ಸೀಳಿಗೆ ತುಂಬುವುದು. ನಾನು ಕಾಯಿರಿ ಎನ್ನುತ್ತೇನೆ.

ಎರಡೂ ಬದಿ ಸೀಳಿದ್ದರೆ

ಇಲ್ಲಿ ನನ್ನ ಮಾತು ಸ್ವಲ್ಪ ಬದಲಾಗುತ್ತದೆ. ನಡುವಿನ ತುಣುಕು ಮೂಗಿನ ತುದಿಗೇ ಅಂಟಿದ ಹಾಗೆ ಮುಂದೆ ಚಾಚಿರುತ್ತದೆ. ಹೊಲಿದ ತುಟಿ ಅದನ್ನೂ ಹಿಂದಕ್ಕೆ ತರುತ್ತದೆ. ಆದರೆ ಅಷ್ಟು ಚಾಚಿದ ತುಣುಕಿನ ಮೇಲೆ ತುಟಿಯನ್ನು ಎಳೆದು ಹೊಲಿದರೆ ಹೊಲಿಗೆ ಬಿಟ್ಟುಕೊಳ್ಳಬಹುದು. ಇನ್ನೊಂದು ಅಪಾಯವೂ ಇದೆ: ನಡುವಿನ ತುಣುಕು ಹಿಂದೆ ಸರಿಯುವ ಮೊದಲೇ ಪಕ್ಕದ ಎರಡು ತುಂಡು ಒಳಗೆ ಕೂಡಿಬಿಟ್ಟರೆ ಅದಕ್ಕೆ ಜಾಗವೇ ಉಳಿಯುವುದಿಲ್ಲ, ಹೊರಗೇ ನಿಂತುಬಿಡುತ್ತದೆ. ಹೀಗಾಗಿ ಇಂಥ ಮಕ್ಕಳಿಗೆ ಟೇಪ್ ಅಥವಾ ನ್ಯಾಮ್ ಖಂಡಿತ ಯೋಚಿಸಿ. ಎಳೆ ಮಗುವಿನಲ್ಲಿ ಆ ತುಣುಕನ್ನು ಕತ್ತರಿಸಿ ಹಿಂದೆ ಕೂರಿಸುವ ಆಪರೇಷನ್‌ಗೆ ಮಾತ್ರ ಸುಲಭವಾಗಿ ಹೂಂ ಅನ್ನಬೇಡಿ. ಮುಖದ ಮಧ್ಯಭಾಗದ ಬೆಳವಣಿಗೆಗೆ ಅದು ಪೆಟ್ಟು ಕೊಡುತ್ತದೆ.

ಸಾಧನ ಆರಿಸುವ ಮೊದಲು ತಂಡ ಆರಿಸಿ

ಉತ್ತರ ಯೂರೋಪಿನ 6 ಕೇಂದ್ರಗಳನ್ನು ಹೋಲಿಸಿದ ಯೂರೋಕ್ಲೆಫ್ಟ್ ಅಧ್ಯಯನ 1992ರಲ್ಲಿ ಹೊರಬಂತು. ಒಂದೇ ಬಗೆಯ ಸೀಳು, ಆದರೆ ಕೇಂದ್ರದಿಂದ ಕೇಂದ್ರಕ್ಕೆ ಫಲಿತಾಂಶ ಬಹಳ ಬೇರೆ. ಜಾಸ್ತಿ ಚಿಕಿತ್ಸೆ, ಜಾಸ್ತಿ ಪ್ಲೇಟ್, ಜಾಸ್ತಿ ಭೇಟಿ ಮಾಡಿಸಿದವರ ಮಕ್ಕಳು ಚೆನ್ನಾಗಿದ್ದರು ಎಂದೇನೂ ಇರಲಿಲ್ಲ. ಸರಳ ಕ್ರಮ, ಪಳಗಿದ ಕೈ, ಒಂದೇ ಪದ್ಧತಿಯನ್ನು ಬಿಡದೆ ನಡೆಸುವ ತಂಡ, ಇವು ಇದ್ದ ಕಡೆ ದವಡೆ ಚೆನ್ನಾಗಿ ಬೆಳೆದಿತ್ತು.

ಹಾಗಾಗಿ ಮೊದಲ ಭೇಟಿಯಲ್ಲಿ ಹೀಗೆ ಕೇಳಿ. ವರ್ಷಕ್ಕೆ ಇಂಥ ಎಷ್ಟು ಮಕ್ಕಳಿಗೆ ನೀವೇ ಹೊಲಿಯುತ್ತೀರಿ? ನೀವು ಹೊಲಿದ ಮಕ್ಕಳು ಈಗ ಹತ್ತು ವರ್ಷದವರಿದ್ದರೆ ಅವರ ಹಲ್ಲಿನ ಅಚ್ಚು ತೋರಿಸುತ್ತೀರಾ? ಮಾತು ಕಲಿಸುವವರು, ಕಿವಿ ನೋಡುವವರು ನಿಮ್ಮ ಜೊತೆ ಇದ್ದಾರಾ? ಪ್ಲೇಟ್ ಹೇಳಿದರೆ, ಯಾವುದಕ್ಕಾಗಿ? ಮೂಗಿಗಾ, ತುಟಿ ಹತ್ತಿರ ತರಲಿಕ್ಕಾ, ದವಡೆಗಾ? "ದವಡೆಗೆ" ಅಂದರೆ, ತುಟಿ ಹೊಲಿದ ಮೇಲೂ ಆ ಲಾಭ ಉಳಿಯುತ್ತದಾ ಎಂದು ಇನ್ನೊಮ್ಮೆ ಕೇಳಿ. ಮತ್ತೆ, ತುಟಿ ಹೊಲಿಯುವ ಮುಂಚೆ ಒಂದು ಅಚ್ಚು ಅಥವಾ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಲು ಹೇಳಿ. ಅಂಗುಳಕ್ಕೆ ಮುಂಚೆ ಇನ್ನೊಂದು. ಎರಡನ್ನೂ ನಿಮ್ಮ ಕೈಯಲ್ಲಿ ಹಿಡಿದು ನೋಡಿ.